ಚರ್ಮದ ಪರೀಕ್ಷೆ ನೆಗೆಟಿವ್ ಬಂದಿದ್ದರೂ ಮಗುವಿಗೆ ಹಾಲು ಬಿಡಿಸಬೇಕೇ?

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಚಿಕ್ಕವನಿದ್ದಾಗ ಎಕ್ಸಿಮಾ ಇತ್ತು, ಈಗ ಆಗಾಗ ಉಬ್ಬಸ. ಎರಡು ವರ್ಷದಿಂದ ಊಟ ತೀರಾ ನಿಧಾನ, ಪ್ರತಿ ತುತ್ತಿಗೂ ನೀರು ಬೇಕು. ರಕ್ತದಲ್ಲಿ ಇಯೊಸಿನೊಫಿಲ್ ಶೇ 9 ಇದೆ. ಎಂಡೋಸ್ಕೋಪಿ ಮಾಡಿ, ಬಯಾಪ್ಸಿಯಲ್ಲಿ 38 ಬಂದಿದೆ, ಇದು ಇಯೊಸಿನೊಫಿಲಿಕ್ ಈಸೊಫೆಜೈಟಿಸ್ ಎಂದರು. ಚರ್ಮದ ಪರೀಕ್ಷೆಯಲ್ಲಿ ಮಾತ್ರ ಯಾವ ಆಹಾರಕ್ಕೂ ಅಲರ್ಜಿ ಕಂಡಿಲ್ಲ. ಆದರೂ ಹಾಲು, ಹಾಲಿನ ಪದಾರ್ಥ ಎಲ್ಲ ನಿಲ್ಲಿಸಿ, ಮೂರು ತಿಂಗಳು ಬಿಟ್ಟು ಮತ್ತೆ ಎಂಡೋಸ್ಕೋಪಿ ಮಾಡೋಣ ಎನ್ನುತ್ತಾರೆ. ಅಲರ್ಜಿಯೇ ಇಲ್ಲದ ಮೇಲೆ ಹಾಲು ಯಾಕೆ ಬಿಡಬೇಕು? ಹೊಸ ಇಂಜೆಕ್ಷನ್ ಬಂದಿದೆಯಂತೆ, ಅದನ್ನೇ ಕೊಡಿಸಿಬಿಟ್ಟರೆ ಆಗದೇ? ಎಂಡೋಸ್ಕೋಪಿ ಪದೇ ಪದೇ ಮಾಡಲೇಬೇಕೇ? ಇವನ ತಂಗಿಗೆ ಈಗ 6 ತಿಂಗಳು. ಅವಳಿಗೂ ಬರುತ್ತದೆಯೇ? ಅವಳಿಗೆ ಮೊಟ್ಟೆ, ಶೇಂಗಾ ಕೊಡಲು ಭಯವಾಗುತ್ತಿದೆ.

ಉತ್ತರ: ನಿಮ್ಮ ವೈದ್ಯರ ಸಲಹೆ ಸರಿಯಾಗಿಯೇ ಇದೆ. ಅಲರ್ಜಿ ಎಂದರೆ ತಿಂದ ಕೂಡಲೇ ದದ್ದು ಏಳಬೇಕು, ತುಟಿ ಊದಬೇಕು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಅದಕ್ಕೇ ಈ ಸಲಹೆ ನಿಮಗೆ ವಿಚಿತ್ರವಾಗಿ ಕಂಡಿದೆ. ನಿಮ್ಮ ಮಗನದು ಆ ಜಾತಿಯ ಅಲರ್ಜಿಯಲ್ಲ. ಈಸೊಫೆಜೈಟಿಸ್ ಎಂದರೆ ಅನ್ನನಾಳದ ಉರಿಯೂತ, ಇಲ್ಲಿ ಕಾಯಿಲೆ ಇರುವುದು ಅದರ ಒಳಗೋಡೆಯಲ್ಲಿ. ಅದು ನಿಮಿಷಗಳಲ್ಲಿ ಭುಗಿಲೇಳುವುದಿಲ್ಲ, ವಾರಗಟ್ಟಲೆ ತಣ್ಣಗೆ ಬೆಳೆಯುತ್ತದೆ. ಹಾಗಾಗಿ ಚರ್ಮವನ್ನೋ ರಕ್ತವನ್ನೋ ಕೇಳಿ ಪ್ರಯೋಜನವಿಲ್ಲ, ಅನ್ನನಾಳವನ್ನೇ ಕೇಳಬೇಕು. ನಿಮ್ಮ ಎಲ್ಲ ಪ್ರಶ್ನೆಗಳಿಗೂ ನಾನು ಕೊಡುವ ಉತ್ತರ ಸುತ್ತುವುದು ಇದರ ಸುತ್ತಲೇ.

ನೀವು ಪತ್ರದಲ್ಲಿ ಹಾಗೇ ದಾಟಿಕೊಂಡು ಹೋದ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು: ಪ್ರತಿ ತುತ್ತಿಗೂ ನೀರು. ಈ ಕಾಯಿಲೆಯ ಮಕ್ಕಳು ನೋವು ಎಂದು ಬಂದು ಹೇಳುವುದು ಕಡಿಮೆ. ಅವರು ಹೊಂದಿಕೊಂಡುಬಿಡುತ್ತಾರೆ. ತುತ್ತನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ, ನುಣ್ಣಗಾಗುವವರೆಗೆ ಅಗಿಯುತ್ತಾರೆ, ನುಂಗಿದ ಮೇಲೆ ಅದು ಕೆಳಗಿಳಿಯಿತೇ ಎಂದು ಒಂದು ಕ್ಷಣ ಕಾಯುತ್ತಾರೆ, ನೀರು ಕುಡಿಯುತ್ತಾರೆ, ಆಮೇಲೆ ಮುಂದಿನ ತುತ್ತು. ಬ್ರೆಡ್, ಮಾಂಸದಂಥ ಒಣಗಿದ, ಗಟ್ಟಿಯಾದ ಪದಾರ್ಥ ತಟ್ಟೆಯ ಅಂಚಿಗೆ ಸರಿಯುತ್ತದೆ. ಮಾತ್ರೆ ಎಂದರೆ ಹಟ. ಜೊತೆಗೆ ಕೂತವರೆಲ್ಲ ಎದ್ದು ಕೈತೊಳೆದರೂ ಇವರ ತಟ್ಟೆ ಅರ್ಧವೂ ಖಾಲಿಯಾಗಿರುವುದಿಲ್ಲ. ಮನೆಯವರು ‘ಊಟಕ್ಕೆ ಸತಾಯಿಸುತ್ತಾನೆ’ ಎಂದು ಗದರುತ್ತಾರೆ. ಕೂಸಿನ ವಯಸ್ಸಿನಲ್ಲಾದರೆ ಇದೇ ಕಾಯಿಲೆ ವಾಂತಿ, ಊಟ ನಿರಾಕರಣೆ, ತೂಕ ಏರದಿರುವುದು ಎಂದು ಕಾಣಿಸಿಕೊಳ್ಳುತ್ತದೆ, ಶಾಲೆಗೆ ಹೋಗುವ ವಯಸ್ಸಿನಲ್ಲಿ ಹೊಟ್ಟೆನೋವು ಎಂದು. ಹದಿಹರೆಯಕ್ಕೆ ಬಂದಾಗ ಒಂದು ದಿನ ತುತ್ತು ಎದೆಯಲ್ಲೇ ಸಿಕ್ಕಿಕೊಂಡು ತುರ್ತು ವಿಭಾಗಕ್ಕೆ ಓಡುವ ಹಾಗಾಗುತ್ತದೆ. ನಿಮ್ಮ ಮಗ ಆ ಘಟ್ಟಕ್ಕೆ ಮೊದಲೇ ಪತ್ತೆಯಾಗಿದ್ದಾನೆ.

ಈಗ ಆ 38ರ ವಿಷಯ. ಇಯೊಸಿನೊಫಿಲ್ ಒಂದು ಬಗೆಯ ಬಿಳಿರಕ್ತಕಣ. ಜರ್ಮನಿಯ ವೈದ್ಯವಿಜ್ಞಾನಿ ಪೌಲ್ ಎರ್ಲಿಕ್ 1879ರಲ್ಲಿ ಇದನ್ನು ಗುರುತಿಸಿದ. ಇಯೊಸಿನ್ ಬಣ್ಣ ತಾಗಿದರೆ ಇದರೊಳಗಿನ ಕಾಳುಗಳು ಕೆಂಪಾಗಿ ಎದ್ದು ಕಾಣುತ್ತವೆ. ಹೊಟ್ಟೆ, ಕರುಳಿನ ಗೋಡೆಗಳಲ್ಲಿ ಇವು ಯಾವಾಗಲೂ ಒಂದಿಷ್ಟು ಇರುತ್ತವೆ, ಅದು ಸಹಜ. ಅನ್ನನಾಳದ ಒಳಪದರದಲ್ಲಿ ಮಾತ್ರ ಇವಕ್ಕೆ ಜಾಗವಿಲ್ಲ. ಆರೋಗ್ಯವಂತ ಮಗುವಿನ ಅನ್ನನಾಳದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದರ ಮೇಲೊಂದು ಹಾಸಿದ ಚಪ್ಪಟೆ ಕೋಶಗಳಷ್ಟೇ ಕಾಣುತ್ತವೆ. ನಿಮ್ಮ ಮಗನ ತುಣುಕಿನಲ್ಲಿ ಆ ಹಾಸುಗಳ ಸಂದಿಯಲ್ಲಿ, ಇಬ್ಭಾಗವಾದ ಕೇಂದ್ರವಿರುವ ಕೆಂಪು ಕಣಗಳು ತುಂಬಿಕೊಂಡಿವೆ. ತಳದ ಪದರ ದಪ್ಪವಾಗಿರುತ್ತದೆ, ಕೋಶಗಳ ನಡುವೆ ಬಿರುಕು ಬಿಟ್ಟಿರುತ್ತದೆ. ಕೆಲವು ಕಡೆ ಈ ಕಣಗಳು ಮೇಲ್ಮೈಯಲ್ಲಿ ಗುಂಪುಗೂಡಿ ಕೀವುಗುಳ್ಳೆಯಂತಾಗುತ್ತವೆ. ಎಂಡೋಸ್ಕೋಪಿಯ ಫೋಟೋದಲ್ಲಿ ಬಿಳಿ ಚುಕ್ಕೆಗಳು ಕಂಡಿದ್ದರೆ ಅವು ಇವೇ.

ಸೂಕ್ಷ್ಮದರ್ಶಕವನ್ನು ಹೆಚ್ಚು ವರ್ಧನೆಗೆ ಇಟ್ಟು ಒಂದು ಸಲಕ್ಕೆ ಕಣ್ಣಿಗೆ ಬೀಳುವ ವೃತ್ತದಲ್ಲಿ ಇಂಥ ಕಣಗಳನ್ನು ಎಣಿಸುತ್ತಾರೆ. ಅತಿ ಹೆಚ್ಚು ಸಿಕ್ಕ ಜಾಗದ ಲೆಕ್ಕ ವರದಿಗೆ ಹೋಗುತ್ತದೆ. 15 ಅಥವಾ ಅದಕ್ಕಿಂತ ಹೆಚ್ಚಿದ್ದು, ಲಕ್ಷಣಗಳೂ ಇದ್ದು, ಬೇರೆ ಕಾರಣ ಸಿಗದಿದ್ದರೆ ರೋಗ ಎಂದು ತೀರ್ಮಾನ. ಆದರೆ ಎಲ್ಲ ಸೂಕ್ಷ್ಮದರ್ಶಕಗಳ ವೃತ್ತವೂ ಒಂದೇ ಅಳತೆಯದಲ್ಲ. ರೋಗವೂ ಅನ್ನನಾಳದ ಉದ್ದಕ್ಕೂ ಸಮನಾಗಿ ಹರಡಿರುವುದಿಲ್ಲ, ತೇಪೆ ತೇಪೆಯಾಗಿರುತ್ತದೆ. ಅದಕ್ಕೇ ಬೇರೆ ಬೇರೆ ಎತ್ತರದಿಂದ ಕನಿಷ್ಠ 6 ತುಣುಕು ತೆಗೆಯಬೇಕು ಎನ್ನುವುದು. ಹಾಗಾಗಿ 38 ಇದ್ದದ್ದು 30 ಆಯಿತು ಎಂದು ಹಿಗ್ಗುವುದಕ್ಕೂ, 45 ಆಯಿತು ಎಂದು ಕುಗ್ಗುವುದಕ್ಕೂ ಅರ್ಥವಿಲ್ಲ. 15ಕ್ಕಿಂತ ಕೆಳಗೆ ಇಳಿಯಿತೇ ಎಂಬುದನ್ನು ನೋಡಬೇಕು.

ರಕ್ತದ ಶೇ 9 ಅನ್ನು ನಾನಾದರೆ ಈ ಲೆಕ್ಕದಿಂದ ಬದಿಗಿಡುತ್ತೇನೆ. ಮೊದಲನೆಯದಾಗಿ, ಶೇಕಡಾವಾರಿಗಿಂತ ಒಟ್ಟು ಸಂಖ್ಯೆ ಮುಖ್ಯ. ಬಿಳಿಕಣ 8000 ಇದ್ದರೆ ಶೇ 9 ಎಂದರೆ 720, ಇದು 500ರ ಗಡಿಯ ಮೇಲಿದೆ ನಿಜ. ಆದರೆ ಉಬ್ಬಸ, ಎಕ್ಸಿಮಾ ಇರುವ ಮಗುವಿನಲ್ಲಿ ಇಷ್ಟು ಏರಿಕೆ ಸಾಮಾನ್ಯ. ಜಂತುಹುಳು ಇದ್ದರೂ ಏರುತ್ತದೆ, ಕೆಲವು ಔಷಧಿಗಳಿಂದಲೂ ಏರುತ್ತದೆ. ಈ ಕಣಗಳು ರಕ್ತದಲ್ಲಿರುವುದು ಒಂದು ದಿನದೊಳಗಿನ ಪ್ರಯಾಣದ ಹೊತ್ತು ಮಾತ್ರ. ಅವು ನೆಲೆಸುವುದೂ ಕೆಲಸ ಮಾಡುವುದೂ ಅಂಗಾಂಶದಲ್ಲಿ. ರಕ್ತದಲ್ಲಿ ಎಲ್ಲ ಸರಿಯಿದ್ದು ಅನ್ನನಾಳ ಕೆಟ್ಟಿರುವ ಮಕ್ಕಳಿದ್ದಾರೆ, ಇದರ ತಿರುಗುಮುರುಗೂ ಉಂಟು. ಸಂಖ್ಯೆ 1500 ದಾಟಿ ಅಲ್ಲೇ ನಿಂತರೆ ಅದು ಬೇರೆಯೇ ತನಿಖೆ. ಹೃದಯ, ಶ್ವಾಸಕೋಶ, ಅಸ್ಥಿಮಜ್ಜೆ ಎಲ್ಲವನ್ನೂ ನೋಡಬೇಕಾಗುತ್ತದೆ. ಹುಳುವಿನ ಮಾತು ಬಂದಿದ್ದಕ್ಕೆ ಇನ್ನೊಂದು ಎಚ್ಚರಿಕೆ: ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಒಳಗಿದ್ದಾಗ ಇಡೀ ಮೈಗೆ ಹೋಗುವ ಸ್ಟೀರಾಯ್ಡ್ ಕೊಟ್ಟರೆ ಅದು ಪ್ರಾಣಾಪಾಯವಾಗುವಷ್ಟು ಹರಡಬಲ್ಲದು. ಇಯೊಸಿನೊಫಿಲ್ ಏರಿರುವ ಮಗುವಿಗೆ ಅಂಥ ಸ್ಟೀರಾಯ್ಡ್ ಶುರುಮಾಡುವ ಮೊದಲು, ಈ ಹುಳು ತಗಲುವ ಸಂಭವವಿದ್ದಲ್ಲಿ, ಪರೀಕ್ಷೆ ಮಾಡಿಸಿಕೊಳ್ಳುವುದು ವಾಸಿ.

ಇನ್ನು ಚರ್ಮದ ಪರೀಕ್ಷೆ. ಅದು ಹುಡುಕುವುದು ಐಜಿಇ ಎಂಬ ಪ್ರತಿಕಾಯವನ್ನು. ಶೇಂಗಾ ತಿಂದ ಹತ್ತು ನಿಮಿಷಕ್ಕೆ ಉಸಿರು ಕಟ್ಟುವ ಮಗುವಿನಲ್ಲಿ ಐಜಿಇಯೇ ಮುಖ್ಯ ಪಾತ್ರಧಾರಿ, ಅಲ್ಲಿ ಈ ಪರೀಕ್ಷೆಗೆ ಬೆಲೆಯಿದೆ. ಇಯೊಸಿನೊಫಿಲಿಕ್ ಈಸೊಫೆಜೈಟಿಸ್‌ನಲ್ಲಿ ಐಜಿಇ ಇರಬಹುದು, ಇಲ್ಲದಿರಬಹುದು, ಆದರೆ ರೋಗವನ್ನು ನಡೆಸುವುದು ಅದಲ್ಲ. ಇದಕ್ಕೆ ಪುರಾವೆಯೂ ಇದೆ. ಐಜಿಇಯನ್ನೇ ಹಿಡಿದುಹಾಕುವ ಒಮಾಲಿಜುಮಾಬ್ ಎಂಬ ಔಷಧಿ ಆಹಾರ ಅಲರ್ಜಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅದನ್ನು ಪಡೆದವರಲ್ಲಿ ಶೇ 67 ಮಂದಿ 600 ಮಿಲಿಗ್ರಾಂ ಶೇಂಗಾ ಪ್ರೋಟೀನನ್ನು ತಾಳಿಕೊಂಡರು, ಹೋಲಿಕೆಗೆಂದು ಕೊಡುವ, ಔಷಧಿಯ ಅಂಶವಿಲ್ಲದ ಹುಸಿ ಔಷಧಿ ಪಡೆದವರಲ್ಲಿ ಶೇ 7 ಮಾತ್ರ. ಅದೇ ಔಷಧಿ ಅನ್ನನಾಳದ ಈ ರೋಗಕ್ಕೆ ಉಪಯೋಗಕ್ಕೆ ಬರಲಿಲ್ಲ. ಹಾಲೇ ರೋಗಕ್ಕೆ ಕಾರಣವಾಗಿರುವ ಮಕ್ಕಳಲ್ಲೂ ಹಾಲಿನ ಚರ್ಮ ಪರೀಕ್ಷೆ ನೆಗೆಟಿವ್ ಬರುವುದು ಮಾಮೂಲು. ನಿಮ್ಮ ಕೈಲಿರುವ ವರದಿಯ ಅರ್ಥ ಇಷ್ಟೇ: ಹಾಲು ಕುಡಿದ ತಕ್ಷಣ ಅವನಿಗೆ ಅಪಾಯವಾಗುವ ಸಂಭವ ತೀರಾ ಕಡಿಮೆ. ಅನ್ನನಾಳದ ಬಗ್ಗೆ ಅದು ಏನನ್ನೂ ಹೇಳುತ್ತಿಲ್ಲ.

ಹಾಗಾದರೆ ಹಾಲಿನ ಮೇಲೆ ಅನುಮಾನ ಯಾಕೆ? ಇದಕ್ಕೆ 1995ಕ್ಕೆ ಹೋಗಬೇಕು. ಆಗ ಅನ್ನನಾಳದಲ್ಲಿ ಇಯೊಸಿನೊಫಿಲ್ ಕಂಡರೆ ಆಮ್ಲ ಮೇಲೆ ಬಂದು ಸುಟ್ಟಿದೆ ಎಂದೇ ಲೆಕ್ಕ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಆಮ್ಲದ ಯಾವ ಚಿಕಿತ್ಸೆಗೂ ಬಗ್ಗದ 10 ಮಕ್ಕಳಿಗೆ ಮಾಮೂಲಿ ಊಟ ನಿಲ್ಲಿಸಿ, ಪ್ರೋಟೀನನ್ನು ಅಮೈನೊ ಆಮ್ಲಗಳ ಮಟ್ಟಕ್ಕೆ ಒಡೆದ ವಿಶೇಷ ಪಾನೀಯವನ್ನೇ ಕೊಟ್ಟರು. 8 ಮಕ್ಕಳ ತೊಂದರೆ ಪೂರ್ತಿ ಹೋಯಿತು, ಉಳಿದ ಇಬ್ಬರಿಗೆ ಕಡಿಮೆಯಾಯಿತು. ಇಯೊಸಿನೊಫಿಲ್ ಸಂಖ್ಯೆಯ ಮಧ್ಯಮಾಂಕ 41ರಿಂದ 0.5ಕ್ಕೆ ಇಳಿಯಿತು. ಆಹಾರಗಳನ್ನು ಒಂದೊಂದಾಗಿ ಮತ್ತೆ ಕೊಟ್ಟಾಗ ಲಕ್ಷಣಗಳು ಮರಳಿದವು. ಹತ್ತೇ ಮಕ್ಕಳ ಸಣ್ಣ ಅಧ್ಯಯನ, ಹೋಲಿಸಲು ಇನ್ನೊಂದು ಗುಂಪೂ ಇರಲಿಲ್ಲ. ಆದರೂ ಈ ಕಾಯಿಲೆಯನ್ನು ಆಮ್ಲದ ಖಾತೆಯಿಂದ ಆಹಾರದ ಖಾತೆಗೆ ವರ್ಗಾಯಿಸಿದ್ದು ಅದೇ.

ಅಂಥ ಪಾನೀಯವೊಂದನ್ನೇ ನೆಚ್ಚಿಕೊಂಡು ಯಾವ ಮಗುವೂ ವರ್ಷಗಟ್ಟಲೆ ಇರಲಾರದು. ರುಚಿ ಅಷ್ಟಕ್ಕಷ್ಟೆ, ಎಷ್ಟೋ ಮಕ್ಕಳಿಗೆ ಮೂಗಿನಲ್ಲಿ ನಳಿಕೆ ಹಾಕಿ ಕೊಡಬೇಕಾಗುತ್ತಿತ್ತು. 2006ರಲ್ಲಿ ಷಿಕಾಗೊದ ವೈದ್ಯರು ಹಾಲು, ಗೋಧಿ, ಮೊಟ್ಟೆ, ಸೋಯಾ, ಶೇಂಗಾ ಸಹಿತ ಬೀಜಗಳು, ಮೀನು-ಸಿಗಡಿ ಎಂಬ ಆರು ಗುಂಪುಗಳನ್ನಷ್ಟೇ ಬಿಡಿಸಿ ನೋಡಿದರು. ಶೇ 74 ಮಕ್ಕಳಲ್ಲಿ ಅಂಗಾಂಶ ಸುಧಾರಿಸಿತು, ಪಾನೀಯದ ಗುಂಪಿನಲ್ಲಿ ಶೇ 88. ಬಿಡಿಸಿದ್ದನ್ನು ಒಂದೊಂದಾಗಿ ವಾಪಸು ತಂದು ನೋಡಿದಾಗ ಅಪರಾಧಿಯ ಸ್ಥಾನದಲ್ಲಿ ಮತ್ತೆ ಮತ್ತೆ ಸಿಕ್ಕಿದ್ದು ಹಾಲು. ಹಾಗಿದ್ದ ಮೇಲೆ ಮೊದಲಿಗೆ ಹಾಲನ್ನಷ್ಟೇ ಬಿಡಿಸಿದರೆ ಸಾಲದೇ ಎಂಬ ಪ್ರಶ್ನೆ ಹುಟ್ಟಿತು. 2023ರಲ್ಲಿ ಪ್ರಕಟವಾದ, 129 ವಯಸ್ಕರ ಅಧ್ಯಯನದಲ್ಲಿ ಹಾಲು ಮಾತ್ರ ಬಿಟ್ಟವರಲ್ಲಿ ಶೇ 34, ಆರನ್ನೂ ಬಿಟ್ಟವರಲ್ಲಿ ಶೇ 40 ಮಂದಿಯ ಅನ್ನನಾಳ ಹತೋಟಿಗೆ ಬಂತು. ಇದು ಲೆಕ್ಕಕ್ಕೆ ತೆಗೆದುಕೊಳ್ಳುವಂಥ ವ್ಯತ್ಯಾಸವಲ್ಲ. ಮಕ್ಕಳಲ್ಲಿ ಹಾಲೊಂದನ್ನು ಬಿಡಿಸುವುದನ್ನೂ ನಾಲ್ಕು ಆಹಾರ ಬಿಡಿಸುವುದನ್ನೂ ಹೋಲಿಸಿದಾಗಲೂ ಅಂಗಾಂಶದ ಫಲ ಹೆಚ್ಚುಕಡಿಮೆ ಒಂದೇ, ಎರಡರಲ್ಲೂ ನೂರಕ್ಕೆ ನಲವತ್ತರ ಆಸುಪಾಸು. ನಾಲ್ಕು ಬಿಟ್ಟ ಗುಂಪಿನಲ್ಲಿ ನಡುವೆಯೇ ಕೈಬಿಟ್ಟವರು ಹೆಚ್ಚು. ಮನೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವ ಯಾರಿಗೂ ಇದರಲ್ಲಿ ಆಶ್ಚರ್ಯವಾಗಲಿಕ್ಕಿಲ್ಲ.

ನಿಮ್ಮ ವೈದ್ಯರು ಹಾಲಿನಿಂದ ಶುರುಮಾಡಿರುವುದು ಈ ಲೆಕ್ಕಾಚಾರದ ಮೇಲೆ. ಹಾಲು ಬಿಟ್ಟರೆ ಸರಿಹೋಗಿಯೇ ಹೋಗುತ್ತದೆ ಎಂಬ ಭರವಸೆ ಇದರಲ್ಲಿಲ್ಲ. ಅರ್ಧಕ್ಕಿಂತ ಕಡಿಮೆ ಸಂಭವವಿರುವ, ಆದರೆ ಗೆದ್ದರೆ ಔಷಧಿಯೇ ಬೇಡವಾಗುವ ಪ್ರಯತ್ನ ಇದು.

ಮಾಡುವುದಾದರೆ ಕಟ್ಟುನಿಟ್ಟಾಗಿ ಮಾಡಿ. ಲೋಟದ ಹಾಲಿನ ಜೊತೆಗೆ ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಪನೀರ್, ಚೀಸ್ ಎಲ್ಲವೂ ಹೋಗಬೇಕು. ಬಿಸ್ಕತ್ತು, ಚಾಕೊಲೇಟುಗಳ ಪಟ್ಟಿಯಲ್ಲಿ ಹಾಲಿನ ಪುಡಿ, ವೇ, ಕೇಸಿನ್ ಎಂದಿದ್ದರೆ ಅವೂ ಹಾಲೇ. ಮೇಕೆ, ಕುರಿಯ ಹಾಲು ಬದಲಿಯಾಗಲಾರವು, ಪ್ರೋಟೀನುಗಳು ಅಷ್ಟು ಹತ್ತಿರದವು. ಲ್ಯಾಕ್ಟೋಸ್ ಇಲ್ಲದ ಹಾಲೂ ಉಪಯೋಗವಿಲ್ಲ. ಇಲ್ಲಿ ತಕರಾರು ಸಕ್ಕರೆಯದಲ್ಲ, ಪ್ರೋಟೀನಿನದು. ಕ್ಯಾಲ್ಸಿಯಂ, ಪ್ರೋಟೀನ್, ಡಿ ಜೀವಸತ್ವ ಎಲ್ಲಿಂದ ಬರಬೇಕು ಎಂದು ಆಹಾರತಜ್ಞರ ಹತ್ತಿರ ಮೊದಲೇ ಬರೆಸಿಕೊಳ್ಳಿ, ತೂಕ ಮತ್ತು ಎತ್ತರ ಗುರುತು ಹಾಕಿಕೊಳ್ಳುತ್ತಿರಿ. ಈ ಅವಧಿಯಲ್ಲಿ ಬೇರೆ ಏನನ್ನೂ ಬದಲಿಸಬೇಡಿ ಎನ್ನುವುದು ನನ್ನ ಕಡ್ಡಾಯದ ಮಾತು. ಹಾಲು ಬಿಡಿಸಿ, ಅದೇ ವಾರ ಆಮ್ಲದ ಮಾತ್ರೆ ಶುರುಮಾಡಿ, ಜೊತೆಗೆ ಗೋಧಿಯನ್ನೂ ನಿಲ್ಲಿಸಿಬಿಟ್ಟರೆ ಮುಂದಿನ ಬಯಾಪ್ಸಿ ಚೆನ್ನಾಗಿ ಬಂದರೂ ಗುಣ ಯಾವುದರಿಂದ ಎಂದು ಯಾರಿಗೂ ತಿಳಿಯುವುದಿಲ್ಲ. ಮಗು ಬೇಡದ ಪಥ್ಯವನ್ನು ವರ್ಷಗಟ್ಟಲೆ ಹೊರಬೇಕಾಗುತ್ತದೆ.

ಆಹಾರ ಬಿಡಿಸುವುದರಲ್ಲಿ ಒಂದು ಅಪಾಯವೂ ಇದೆ, ಹೆಚ್ಚು ಜನ ಹೇಳುವುದಿಲ್ಲ. ಐಜಿಇ ಪಾಸಿಟಿವ್ ಇದ್ದೂ ಹಾಲು, ಮೊಟ್ಟೆ ತಿಂದುಕೊಂಡು ಆರಾಮವಾಗಿದ್ದ ಮಗುವಿಗೆ ಅದನ್ನು ದೀರ್ಘಕಾಲ ನಿಲ್ಲಿಸಿದರೆ, ಮತ್ತೆ ಕೊಡುವಾಗ ತಕ್ಷಣದ ತೀವ್ರ ಅಲರ್ಜಿಯಾದ ಉದಾಹರಣೆಗಳಿವೆ. ನಿಮ್ಮ ಮಗನ ಚರ್ಮ ಪರೀಕ್ಷೆ ನೆಗೆಟಿವ್ ಇರುವುದು ಇಲ್ಲಿ ಅನುಕೂಲಕ್ಕೆ ಬಂತು. ಪಾಸಿಟಿವ್ ಇದ್ದಿದ್ದರೆ ಮತ್ತೆ ಶುರುಮಾಡುವ ಮೊದಲ ದಿನ ವೈದ್ಯರ ಕಣ್ಣೆದುರಿಗೇ ಇರಬೇಕಿತ್ತು.

ಹಾಲು ಬಿಟ್ಟದ್ದು ಫಲಿಸದಿದ್ದರೆ ಎರಡು ಹಳೆಯ ಔಷಧಿಗಳಿವೆ. ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ಸುಮಾರು ನೂರಕ್ಕೆ ನಲವತ್ತು ಮಂದಿಯಲ್ಲಿ ಇಯೊಸಿನೊಫಿಲ್‌ಗಳನ್ನು ಇಳಿಸುತ್ತದೆ. ಮೊದಲು ಈ ಮಾತ್ರೆಗೆ ಬಗ್ಗಿದವರದು ಬೇರೆಯೇ ರೋಗ ಎಂದು ವಿಂಗಡಿಸುತ್ತಿದ್ದರು, 2018ರ ಅಂತರರಾಷ್ಟ್ರೀಯ ಒಮ್ಮತ ಆ ವಿಂಗಡಣೆಯನ್ನು ಕೈಬಿಟ್ಟಿತು. ಆಮ್ಲ ತಗ್ಗಿಸುವುದರ ಜೊತೆಗೆ ಈ ಮಾತ್ರೆ ಅನ್ನನಾಳದ ಕೋಶಗಳು ಇಯೊಸಿನೊಫಿಲ್‌ಗಳನ್ನು ಕರೆಸಿಕೊಳ್ಳಲು ಹೊರಡಿಸುವ ಇಯೊಟ್ಯಾಕ್ಸಿನ್-3 ಎಂಬ ಸಂಕೇತವನ್ನೂ ಕಡಿಮೆ ಮಾಡುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಎರಡನೆಯದು ನುಂಗುವ ಸ್ಟೀರಾಯ್ಡ್. ಉಬ್ಬಸಕ್ಕೆ ಸೇದುವ ಫ್ಲುಟಿಕಾಸೋನ್ ಅಥವಾ ಬ್ಯುಡೆಸೊನೈಡ್ ಔಷಧಿಯನ್ನೇ ಇಲ್ಲಿ ಅನ್ನನಾಳಕ್ಕೆ ಲೇಪವಾಗುವ ಹಾಗೆ ನುಂಗಿಸುತ್ತಾರೆ. 2010ರ ಪುಟ್ಟ ಅಧ್ಯಯನವೊಂದರಲ್ಲಿ ಮಂದವಾಗಿ ಕಲಸಿದ ಬ್ಯುಡೆಸೊನೈಡ್ ಪಡೆದ 15 ಮಕ್ಕಳಲ್ಲಿ 13 ಮಂದಿಗೆ ಗುಣ ಕಂಡಿತು, ಹುಸಿ ಔಷಧಿಯ 9 ಮಕ್ಕಳಲ್ಲಿ ಒಬ್ಬರಿಗೂ ಇಲ್ಲ. ನುಂಗಿದ ಮೇಲೆ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು. ಈ ಒಂದು ನಿಯಮ ತಪ್ಪಿ ಔಷಧಿ ಹೊಟ್ಟೆಗೆ ತೊಳೆದುಹೋಗಿ ‘ಫಲಿಸಲಿಲ್ಲ’ ಎನಿಸಿಕೊಳ್ಳುವುದು ಬೇಕಾದಷ್ಟು ನಡೆಯುತ್ತದೆ. ಅನ್ನನಾಳದಲ್ಲಿ ಕ್ಯಾಂಡಿಡಾ ಶಿಲೀಂಧ್ರ ಬೆಳೆಯಬಹುದು. ಉಬ್ಬಸಕ್ಕೂ ಸ್ಟೀರಾಯ್ಡ್ ಸೇದುತ್ತಿರುವ ಮಗುವಾದರೆ ಒಟ್ಟು ಪ್ರಮಾಣವನ್ನು ಇಬ್ಬರೂ ವೈದ್ಯರು ಕೂಡಿ ನೋಡಬೇಕು.

ಈಗ ನೀವು ಕೇಳಿದ ಇಂಜೆಕ್ಷನ್. ಇದರ ಕಥೆ ಸ್ವಲ್ಪ ಉದ್ದ. ಈ ಕ್ಷೇತ್ರದ ಸಂಶೋಧನೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೂ ಇದೇ.

ರೋಗದ ಹೆಸರಿನಲ್ಲೇ ಇಯೊಸಿನೊಫಿಲ್ ಇದೆ, ಆದ್ದರಿಂದ ಅವನ್ನು ಕೊಂದರೆ ರೋಗ ಹೋಗಬೇಕು. ಹೀಗೆ ಯೋಚಿಸುವುದು ಸಹಜ. ಇಯೊಸಿನೊಫಿಲ್ ಬೆಳೆಯಲು ಬೇಕಾದ ಐಎಲ್-5 ಎಂಬ ಸಂಕೇತವನ್ನು ತಡೆಯುವ ಮೆಪೊಲಿಜುಮಾಬ್, ರೆಸ್ಲಿಜುಮಾಬ್ ತಯಾರಾದವು. 2011–12ರಲ್ಲಿ ಮಕ್ಕಳ ಮೇಲಿನ ಫಲಿತಾಂಶಗಳು ಬಂದವು. 226 ಮಂದಿ ಮಕ್ಕಳು, ಹದಿಹರೆಯದವರಿದ್ದ ರೆಸ್ಲಿಜುಮಾಬ್ ಅಧ್ಯಯನದಲ್ಲಿ ಇಯೊಸಿನೊಫಿಲ್‌ಗಳು ಚೆನ್ನಾಗಿಯೇ ಇಳಿದವು. ಆದರೆ ಲಕ್ಷಣಗಳು ಹುಸಿ ಔಷಧಿ ಪಡೆದವರಲ್ಲೂ ಅಷ್ಟೇ ಸುಧಾರಿಸಿದ್ದವು. ಪೂರ್ತಿ ಇಳಿಯಲಿಲ್ಲ, ಅದಕ್ಕೇ ಹೀಗಾಯಿತು ಎಂದು ಕೆಲವರು ವಾದಿಸಿದರು. 2024ರಲ್ಲಿ ಆ ವಾದಕ್ಕೂ ಉತ್ತರ ಬಂತು. ಬೆನ್ರಲಿಜುಮಾಬ್ ಎಂಬ ಔಷಧಿ ಇಯೊಸಿನೊಫಿಲ್‌ಗಳನ್ನು ಹೆಚ್ಚುಕಡಿಮೆ ನಿರ್ನಾಮವೇ ಮಾಡುತ್ತದೆ. 12 ವರ್ಷ ಮೇಲ್ಪಟ್ಟವರ ಅಧ್ಯಯನದಲ್ಲಿ ಅಂಗಾಂಶದ ಗುರಿ ಮುಟ್ಟಿದವರು ಶೇ 87.4, ಹುಸಿ ಔಷಧಿಯಲ್ಲಿ ಶೇ 6.5. ಇಷ್ಟೆಲ್ಲ ಆಗಿಯೂ ನುಂಗುವ ಕಷ್ಟದಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ.

ಕಳ್ಳತನವಾದ ಮನೆಯ ಮುಂದೆ ಸೇರಿದ ಗುಂಪನ್ನು ಚದುರಿಸಿದರೆ ಕಳ್ಳ ಸಿಕ್ಕಂತಾಗುವುದಿಲ್ಲವಲ್ಲ, ಇಲ್ಲಿ ಆದದ್ದು ಅದೇ. ಇಯೊಸಿನೊಫಿಲ್ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಅದು ಚೆಲ್ಲುವ ಪ್ರೋಟೀನುಗಳು ಅಂಗಾಂಶಕ್ಕೆ ವಿಷ, ಗಾಯದ ಕಲೆ ಕಟ್ಟುವುದರಲ್ಲೂ ಅದರ ಪಾಲಿದೆ. ಆದರೆ ಮೂಲ ಗದ್ದಲ ಅದಕ್ಕಿಂತ ಹಿಂದೆ, ಅನ್ನನಾಳದ ಒಳಪದರದಲ್ಲೇ ಶುರುವಾಗಿರುತ್ತದೆ. ಇದರ ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ಮಾರ್ಕ್ ರೊಥೆನ್‌ಬರ್ಗ್ ಅವರ ತಂಡ 2006ರಲ್ಲಿ, ರೋಗಿಗಳ ಅನ್ನನಾಳದಲ್ಲಿ ಅತಿ ಹೆಚ್ಚು ಚುರುಕಾಗಿರುವ ವಂಶವಾಹಿ ಇಯೊಟ್ಯಾಕ್ಸಿನ್-3ರದು ಎಂದು ತೋರಿಸಿತ್ತು. ಅದನ್ನು ಹೊರಡಿಸುವುದು ಒಳಪದರದ ಕೋಶಗಳು, ಹೊರಡಿಸುವಂತೆ ಮಾಡುವುದು ಐಎಲ್-5ರ ಹಾಗೆಯೇ ಇನ್ನೊಂದು ಸಂಕೇತವಾದ ಐಎಲ್-13. ರೋಗದ ಒಲವಿಗೆ ಸಂಬಂಧಿಸಿದ ಎರಡು ಜಾಗಗಳು ವಂಶವಾಹಿಗಳಲ್ಲಿ ಪತ್ತೆಯಾದವು. 2010ರಲ್ಲಿ ಸಿಕ್ಕ ಟಿಎಸ್‌ಎಲ್‌ಪಿ ಒಳಪದರ ಕೆಣಕಿದಾಗ ಹೊರಡುವ ಎಚ್ಚರಿಕೆಯ ಸಂಕೇತ. 2014ರಲ್ಲಿ ಸಿಕ್ಕ ಕ್ಯಾಲ್ಪೇನ್-14 ಮುಖ್ಯವಾಗಿ ಅನ್ನನಾಳದಲ್ಲೇ ಕೆಲಸ ಮಾಡುವ ಕಿಣ್ವ, ಐಎಲ್-13 ಬಂದರೆ ಏರುತ್ತದೆ. ಅಲರ್ಜಿಗೆ ಒಲಿಯುವ ಮೈ ಒಂದು ಕಡೆ, ಅನ್ನನಾಳದ ಬೇಲಿಯ ದೌರ್ಬಲ್ಯ ಇನ್ನೊಂದು ಕಡೆ. ಅಲರ್ಜಿಯ ಅಷ್ಟೂ ಮಕ್ಕಳಿಗೆ ಈ ರೋಗ ಬರದೆ ಕೆಲವರಿಗೇ ಬರುವುದು ಯಾಕೆ ಎಂಬುದಕ್ಕೆ ಇಷ್ಟರಮಟ್ಟಿಗೆ ಉತ್ತರ ಸಿಕ್ಕಿದೆ.

ಡ್ಯುಪಿಲುಮಾಬ್, ಅಂದರೆ ನೀವು ಕೇಳಿರುವ ಇಂಜೆಕ್ಷನ್, ತಡೆಯುವುದು ಐಎಲ್-4 ಮತ್ತು ಐಎಲ್-13 ಎರಡನ್ನೂ. 1ರಿಂದ 11 ವರ್ಷದ 102 ಮಕ್ಕಳ ಅಧ್ಯಯನದಲ್ಲಿ 16 ವಾರಗಳಿಗೆ ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಶೇ 68 ಮಕ್ಕಳ ಅಂಗಾಂಶ ಹತೋಟಿಗೆ ಬಂತು, ಹುಸಿ ಔಷಧಿಯಲ್ಲಿ ಶೇ 3. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ 12 ವರ್ಷ ಮೇಲ್ಪಟ್ಟವರಿಗೂ, 2024ರ ಜನವರಿಯಲ್ಲಿ 1 ವರ್ಷ ದಾಟಿ ಕನಿಷ್ಠ 15 ಕಿಲೋ ತೂಗುವ ಮಕ್ಕಳಿಗೂ ಇದನ್ನು ಒಪ್ಪಿತು. ಒಂದು ತಮಾಷೆ ನೋಡಿ: ಈ ಔಷಧಿ ಶುರುವಾದಾಗ ಕೆಲವರ ರಕ್ತದಲ್ಲಿ ಇಯೊಸಿನೊಫಿಲ್ ತಾತ್ಕಾಲಿಕವಾಗಿ ಏರುವುದುಂಟು. ಅಂಗಾಂಶಕ್ಕೆ ಹೋಗುವ ದಾರಿ ಮುಚ್ಚಿರುವುದರಿಂದ ಅವು ರಕ್ತದಲ್ಲೇ ಉಳಿಯುತ್ತವೆ ಎಂಬುದು ವಿವರಣೆ. ಶೇ 9 ಅನ್ನು ಬದಿಗಿಡಿ ಎಂದದ್ದು ಇಂಥ ಕಾರಣಗಳಿಂದಲೂ ಹೌದು.

ನಿಮ್ಮ ಮಗನಿಗೆ ಮೊದಲ ಹೆಜ್ಜೆಯಾಗಿಯೇ ಇಂಜೆಕ್ಷನ್ ಬೇಕೇ? ನಾನಾದರೆ ಬೇಡ ಎನ್ನುತ್ತೇನೆ. ಇದು ಕೋರ್ಸ್ ಮುಗಿಸಿ ಬಿಡುವ ಔಷಧಿಯಲ್ಲ. ವಾರಕ್ಕೋ ಎರಡು ವಾರಕ್ಕೋ ಒಂದು ಚುಚ್ಚು, ನಿಲ್ಲಿಸಿದರೆ ರೋಗ ಮರುಕಳಿಸುವುದೇ ಹೆಚ್ಚು. ದುಬಾರಿಯೂ ಹೌದು. ಹಾಲು, ಆಮ್ಲದ ಮಾತ್ರೆ, ನುಂಗುವ ಸ್ಟೀರಾಯ್ಡ್ ಒಂದೂ ಹಿಡಿಯದಿದ್ದರೆ, ಅಥವಾ ಅನ್ನನಾಳ ಆಗಲೇ ಕಿರಿದಾಗಿದ್ದರೆ, ಬೆಳವಣಿಗೆ ಕುಂಠಿತವಾಗಿದ್ದರೆ ಲೆಕ್ಕ ಬದಲಾಗುತ್ತದೆ. ಅವನ ಉಬ್ಬಸವೋ ಎಕ್ಸಿಮಾವೋ ಮುಂದೆ ಉಲ್ಬಣಿಸಿದರೆ ಆಗಲೂ ಬದಲಾಗುತ್ತದೆ. ಒಂದೇ ಔಷಧಿ ಮೂರಕ್ಕೂ ಆಗುತ್ತದೆ ಎಂಬುದು ಸಣ್ಣ ಮಾತಲ್ಲ.

ಎಂಡೋಸ್ಕೋಪಿ ಪದೇ ಪದೇ ಬೇಕೇ ಎಂದಿರಿ. ಸದ್ಯಕ್ಕೆ ಬೇಕು. ಮಗು ಚೆನ್ನಾಗಿ ಉಣ್ಣುತ್ತಿದೆ ಎನ್ನುವುದರಿಂದ ಅನ್ನನಾಳ ವಾಸಿಯಾಗಿದೆ ಎಂದು ಹೇಳಲಾಗದು. ಹುಸಿ ಔಷಧಿ ಪಡೆದ ಮಕ್ಕಳೂ ‘ಈಗ ಪರವಾಗಿಲ್ಲ’ ಎಂದದ್ದನ್ನು ಆಗಲೇ ನೋಡಿದೆವು. ಉರಿಯೂತ ಹಾಗೇ ಮುಂದುವರಿದರೆ ಗೋಡೆ ಬಿರುಸಾಗಿ ಅನ್ನನಾಳ ಕಿರಿದಾಗುತ್ತದೆ. 2013ರ ಸ್ವಿಸ್ ಅಧ್ಯಯನದಲ್ಲಿ ಲಕ್ಷಣ ಶುರುವಾದ 2 ವರ್ಷದೊಳಗೆ ಪತ್ತೆಯಾದವರಲ್ಲಿ ಶೇ 17 ಮಂದಿಗೆ ಅನ್ನನಾಳ ಕಿರಿದಾಗಿತ್ತು, 20 ವರ್ಷ ಮೀರಿ ತಡವಾದವರಲ್ಲಿ ಶೇ 71 ಮಂದಿಗೆ. ಹಾಗಾಗಿ ಪ್ರತಿ ಚಿಕಿತ್ಸೆ ಬದಲಾದ ಮೇಲೂ 8ರಿಂದ 12 ವಾರ ಬಿಟ್ಟು ಒಮ್ಮೆ ಒಳಗೆ ನೋಡಬೇಕು. ಹತೋಟಿಗೆ ಬಂದ ಮೇಲೆ ಅಂತರ ಹೆಚ್ಚಿಸಬಹುದು.

ಪ್ರತಿ ಸಲ ಅರಿವಳಿಕೆ ಕೊಡುವುದನ್ನು ತಪ್ಪಿಸಲು ಸಾಕಷ್ಟು ಕೆಲಸ ನಡೆದಿದೆ. ಮೂಗಿನ ಮೂಲಕ ಹೋಗುವ ತೆಳು ನಳಿಕೆಯ ಎಂಡೋಸ್ಕೋಪಿಗೆ ಅರಿವಳಿಕೆ ಬೇಡ. ಮಗುವಿನ ಕಣ್ಣಿಗೆ ವಿಡಿಯೋ ಕನ್ನಡಕ ಹಾಕಿ, ಅದು ಸಿನಿಮಾ ನೋಡುತ್ತಿರುವಾಗಲೇ ಬಯಾಪ್ಸಿ ತೆಗೆಯುವ ಕೇಂದ್ರಗಳಿವೆ. ದಾರದ ಪರೀಕ್ಷೆ ಇನ್ನೂ ಸರಳ. ಸುರುಳಿ ಸುತ್ತಿದ ದಾರವಿರುವ ಕ್ಯಾಪ್ಸೂಲನ್ನು ಮಗು ನುಂಗುತ್ತದೆ, ತುದಿ ಕೆನ್ನೆಗೆ ಅಂಟಿಕೊಂಡಿರುತ್ತದೆ, ಒಂದು ಗಂಟೆ ಬಿಟ್ಟು ದಾರ ಎಳೆದು ಅದಕ್ಕೆ ಹತ್ತಿದ ಇಯೊಸಿನೊಫಿಲ್ ಪ್ರೋಟೀನುಗಳನ್ನು ಅಳೆಯುತ್ತಾರೆ. 7 ವರ್ಷ ಮೇಲ್ಪಟ್ಟವರಲ್ಲಿ ಇದನ್ನು ಬಯಾಪ್ಸಿಯ ಜೊತೆ ಹೋಲಿಸಿ ನೋಡಿದ್ದಾರೆ, ಸಾಕಷ್ಟು ತಾಳೆಯಾಗಿದೆ. ಇವು ಎಲ್ಲ ಕಡೆ ಸಿಗುವುದಿಲ್ಲ, ಆದರೂ ಕೇಳಿ ನೋಡಿ. ರಕ್ತ ಪರೀಕ್ಷೆಯೊಂದರಿಂದಲೇ ಹೇಳುತ್ತೇವೆ ಎನ್ನುವವರನ್ನು ಮಾತ್ರ ನಂಬಬೇಡಿ.

ತಂಗಿಯ ವಿಷಯಕ್ಕೆ ಬರೋಣ. ಅವಳಿಗೆ ಬರುವ ಸಂಭವ ನೀವು ಹೆದರಿದಷ್ಟಿಲ್ಲ. 2014ರಲ್ಲಿ ಅವಳಿಗಳನ್ನೂ ಕುಟುಂಬಗಳನ್ನೂ ಅಭ್ಯಸಿಸಿದಾಗ, ಒಡಹುಟ್ಟಿದವರಲ್ಲಿ ಶೇ 2.4 ಮಂದಿಗೆ ರೋಗ ಇತ್ತು. ತದ್ರೂಪಿ ಅವಳಿಗಳಲ್ಲಿ ಅದು ಶೇ 41, ತದ್ರೂಪಿಯಲ್ಲದ ಅವಳಿಗಳಲ್ಲಿ ಶೇ 22. ಕೊನೆಯ ಅಂಕಿಯ ಮೇಲೆ ಸ್ವಲ್ಪ ನಿಲ್ಲಿ. ವಂಶವಾಹಿಗಳ ಮಟ್ಟಿಗೆ ತದ್ರೂಪಿಯಲ್ಲದ ಅವಳಿಗಳೂ ಸಾಮಾನ್ಯ ಅಣ್ಣ-ತಂಗಿಯರೂ ಸರಿಸಮಾನ. ಆದರೂ 2.4 ಎಲ್ಲಿ, 22 ಎಲ್ಲಿ? ಒಂದೇ ಗರ್ಭ, ಒಂದೇ ಹೆರಿಗೆ, ಒಂದೇ ಕಾಲದ ಶೈಶವ, ವ್ಯತ್ಯಾಸ ಹುಟ್ಟುವುದು ಅಲ್ಲಿ. ಶೈಶವದಲ್ಲಿ ಕೊಟ್ಟ ಆ್ಯಂಟಿಬಯೋಟಿಕ್, ಆಮ್ಲ ತಗ್ಗಿಸುವ ಔಷಧಿ, ಅವಧಿಗೆ ಮುನ್ನ ಹೆರಿಗೆ ಇವುಗಳಿಗೂ ರೋಗಕ್ಕೂ ನಂಟು ಕಾಣಿಸಿದ ಅಧ್ಯಯನಗಳಿವೆ. ನಂಟು ಇದೆ ಎಂದಮಾತ್ರಕ್ಕೆ ಅದೇ ಕಾರಣ ಎಂದಾಗದು. ಕೂಸು ಹಾಲು ಕಕ್ಕುತ್ತದೆ ಎಂಬಷ್ಟಕ್ಕೇ ಆಮ್ಲದ ಔಷಧಿ ಕುಡಿಸುವ ಅಭ್ಯಾಸದ ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ, ಈ ಅಧ್ಯಯನಗಳು ಅದನ್ನು ಇನ್ನಷ್ಟು ಗಟ್ಟಿ ಮಾಡಿವೆ.

ಅವಳಿಗೆ ಮೊಟ್ಟೆ, ಶೇಂಗಾ ತಡೆಹಿಡಿಯಬೇಡಿ. 2015ರ ಲೀಪ್ ಅಧ್ಯಯನ ಈ ವಿಷಯದಲ್ಲಿ ಹಳೆಯ ಉಪದೇಶವನ್ನೇ ತಲೆಕೆಳಗು ಮಾಡಿತು. ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳೊಳಗಿನ 640 ಕೂಸುಗಳಲ್ಲಿ ಅರ್ಧಕ್ಕೆ ಶೇಂಗಾ ಕೊಡುತ್ತ ಬಂದರು, ಅರ್ಧಕ್ಕೆ 5 ವರ್ಷದವರೆಗೂ ಮುಟ್ಟಿಸಲಿಲ್ಲ. ಬಿಡಿಸಿದವರಲ್ಲಿ ಶೇ 17.2 ಮಕ್ಕಳಿಗೆ ಶೇಂಗಾ ಅಲರ್ಜಿ ಬಂತು, ತಿಂದವರಲ್ಲಿ ಶೇ 3.2. ಅಣ್ಣನಿಗೆ ಆಹಾರ ಬಿಡಿಸುತ್ತ ತಂಗಿಗೆ ಅದನ್ನೇ ಕೊಡುವುದು ವಿಪರೀತ ಎನಿಸಬಹುದು. ಅವನದು ರೋಗದ ಚಿಕಿತ್ಸೆ, ಇವಳಿಗೆ ಆಗಬೇಕಾದದ್ದು ಆಹಾರಗಳ ಪರಿಚಯ. ಶೇಂಗಾವನ್ನು ನುಣ್ಣಗೆ ಅರೆದು, ತೆಳ್ಳಗೆ ಕಲಸಿ ಕೊಡಿ, ಇಡೀ ಕಾಳು ಈ ವಯಸ್ಸಿಗೆ ಉಸಿರುನಾಳಕ್ಕೆ ಅಪಾಯ. ಅವಳಿಗೆ ತೀವ್ರ ಎಕ್ಸಿಮಾ ಇದ್ದರೆ ಮಾತ್ರ ಶೇಂಗಾ ಶುರುಮಾಡುವ ಮೊದಲು ವೈದ್ಯರನ್ನು ಕಾಣಿ.

ಇವನ ರೋಗ ದೊಡ್ಡವನಾಗುತ್ತ ತಾನಾಗಿ ಹೋಗುವ ಸಂಭವ ಕಡಿಮೆ, ಹತೋಟಿಯಲ್ಲಿಟ್ಟುಕೊಳ್ಳಬೇಕಾದ ಕಾಯಿಲೆ ಇದು. ಹತೋಟಿಗೆ ಬರುವವರೆಗೆ ತುತ್ತು ಎಂದಾದರೂ ಸಿಕ್ಕಿಕೊಂಡು ಎಂಜಲನ್ನೂ ನುಂಗಲಾಗದೆ ಉಗುಳತೊಡಗಿದರೆ, ಮೇಲಿಂದ ಇನ್ನೊಂದು ತುತ್ತೋ ನೀರೋ ಕೊಟ್ಟು ತಳ್ಳಲು ಹೋಗದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ತುಣುಕನ್ನು ಎಂಡೋಸ್ಕೋಪಿಯಲ್ಲಿ ತೆಗೆಯುವವರಿಗೆ ಇವನ ರೋಗದ ಹೆಸರು ಹೇಳಿ, ಅದೇ ಸಲಕ್ಕೆ ಬಯಾಪ್ಸಿಯನ್ನೂ ತೆಗೆದುಕೊಳ್ಳಲು ಕೇಳಿ. ಅವಸರದಲ್ಲಿ ಅದು ಬಿಟ್ಟುಹೋಗುವುದೇ ಹೆಚ್ಚು.